ಗರ್ಭಿಣಿಯ ಉಸಿರು, ಬಾಣಂತಿಯ ಜ್ವರ

1918ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಮುಂಬಯಿಯ ಬಂದರನ್ನು ಹೊಕ್ಕ ಇನ್‌ಫ್ಲುಯೆಂಜಾ ಜ್ವರವು, ರೈಲುಮಾರ್ಗಗಳನ್ನನುಸರಿಸಿ ಊರಿಂದೂರಿಗೆ ಹಬ್ಬಿ, ಒಂದು ಕೋಟಿಗೂ ಮಿಕ್ಕ ಭಾರತೀಯರನ್ನು ಬಲಿ ತೆಗೆದುಕೊಂಡಿತೆಂಬುದನ್ನು ಬಲ್ಲವರು ಅನೇಕರು. ಆದರೆ ಆ ಮಾರಿಯು ಗರ್ಭವತಿಯರ ವಿಷಯದಲ್ಲಿ ಎಷ್ಟು ನಿಷ್ಕರುಣವಾಗಿತ್ತೆಂಬುದು ಅಷ್ಟಾಗಿ ಜನರ ನೆನಪಿನಲ್ಲಿ ಉಳಿದಿಲ್ಲ. ಅಮೆರಿಕದ ವೈದ್ಯ ಜಾನ್ ಹ್ಯಾರಿಸ್ ಎಂಬವರು ಆ ಜ್ವರಕ್ಕೆ ತುತ್ತಾದ ಸುಮಾರು 1,350 ಮಂದಿ ಗರ್ಭಿಣಿಯರ ವೃತ್ತಾಂತವನ್ನು ಸಂಗ್ರಹಿಸಿ 1919ರಲ್ಲಿ ಪ್ರಕಟಿಸಿದಾಗ, ಅವರಲ್ಲಿ ಅರ್ಧದಷ್ಟು ಮಂದಿಗೆ ಜ್ವರವು ನ್ಯೂಮೋನಿಯಾಕ್ಕೆ ತಿರುಗಿತ್ತೆಂದೂ, ಹಾಗೆ ತಿರುಗಿದವರಲ್ಲಿ ಮತ್ತೆ ಅರ್ಧದಷ್ಟು ಮಂದಿ ಉಳಿಯಲಿಲ್ಲವೆಂದೂ ತಿಳಿದುಬಂದಿತು. ತೊಂಬತ್ತು ವರ್ಷಗಳ ತರುವಾಯ, 2009ರ ಎಚ್1ಎನ್1 ಪಿಡುಗಿನಲ್ಲಿ, ಅಮೆರಿಕದ ಜನಸಂಖ್ಯೆಯಲ್ಲಿ ನೂರಕ್ಕೆ 1ರಷ್ಟಿದ್ದ ಗರ್ಭಿಣಿಯರು ಆ ರೋಗದಿಂದ ಮಡಿದವರಲ್ಲಿ ನೂರಕ್ಕೆ 5ರಷ್ಟಿದ್ದರು. ಔಷಧ, ಆಮ್ಲಜನಕ, ಶ್ವಾಸಯಂತ್ರಗಳೆಲ್ಲವೂ ಬಂದ ಮೇಲೂ ಈ ತಾರತಮ್ಯವು ಅಳಿಯದಿರುವುದಕ್ಕೆ ಕಾರಣವನ್ನು ಗರ್ಭಿಣಿಯ ದೇಹದಲ್ಲಿ ಅರಸಬೇಕು. ಕೊಂಚ ಮಟ್ಟಿಗೆ ನಮ್ಮ ಮನೆಗಳಲ್ಲಿಯೂ ಅರಸಬೇಕು.

ಗರ್ಭವು ಬೆಳೆದಂತೆಲ್ಲ ಎದೆಗೂ ಹೊಟ್ಟೆಗೂ ನಡುವಣ ವಪೆಯು ಸುಮಾರು 4 ಸೆಂಟಿಮೀಟರಿನಷ್ಟು ಮೇಲಕ್ಕೇರುತ್ತದೆ. ಉಸಿರು ಬಿಟ್ಟ ಬಳಿಕವೂ ಶ್ವಾಸಕೋಶಗಳಲ್ಲಿ ಮೀಸಲಾಗಿ ನಿಲ್ಲುವ ಗಾಳಿಯು ಐದರಲ್ಲೊಂದು ಪಾಲಿನಷ್ಟು ಕುಗ್ಗುತ್ತದೆ. ಅದೇ ಕಾಲಕ್ಕೆ ಎರಡು ಜೀವಗಳ ಪೋಷಣೆಗಾಗಿ ಆಮ್ಲಜನಕದ ವ್ಯಯವು ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಗಂಟು ಕರಗಿ ಖರ್ಚು ಬೆಳೆದ ಸಂಸಾರಕ್ಕೆ ಸಣ್ಣ ಆಪತ್ತೂ ದೊಡ್ಡದಾಗುವಂತೆ, ಅನ್ಯರು ವಾರದಲ್ಲಿ ಕೊಡವಿಕೊಂಡೇಳುವ ಜ್ವರವು ಗರ್ಭಿಣಿಯನ್ನು ಎರಡೇ ದಿನಗಳಲ್ಲಿ ಹಾಸಿಗೆಗೆ ಕೆಡವಬಲ್ಲುದು. ಇಷ್ಟೇ ಅಲ್ಲದೆ, ರಕ್ತದ ದ್ರವಭಾಗವು ಹಿಗ್ಗಿ ತೆಳುವಾಗಿರುವುದರಿಂದ ಉರಿಯೂತಗೊಂಡ ಶ್ವಾಸಕೋಶಗಳೊಳಕ್ಕೆ ನೀರು ಜಿನುಗುವುದೂ ಸುಲಭ. ಇನ್ನೊಂದು ಸೂಕ್ಷ್ಮವುಂಟು. ಗರ್ಭಕಾಲದಲ್ಲಿ ಉಸಿರಾಟವು ಸಹಜವಾಗಿಯೇ ಆಳವಾಗುವುದರಿಂದ, ಸಾಮಾನ್ಯರ ರಕ್ತದಲ್ಲಿ 40 ಮಿಲಿಮೀಟರ್ ಪಾದರಸದಷ್ಟಿರುವ ಇಂಗಾಲದ ಡೈಆಕ್ಸೈಡಿನ ಒತ್ತಡವು ಗರ್ಭಿಣಿಯಲ್ಲಿ 30ರ ಸಮೀಪಕ್ಕಿಳಿದಿರುತ್ತದೆ. ಆದಕಾರಣ ಏದುತ್ತಿರುವ ಗರ್ಭಿಣಿಯ ರಕ್ತಪರೀಕ್ಷೆಯಲ್ಲಿ 40 ಎಂದು ಕಂಡರೆ, ಅನ್ಯರಲ್ಲಿ ಕ್ಷೇಮದ ಗುರುತಾದ ಆ ಅಂಕಿಯು ಇವಳಲ್ಲಿ ಉಸಿರಾಟದ ಸ್ನಾಯುಗಳು ಸೋಲುತ್ತಿವೆಯೆಂಬುದರ ಸೂಚನೆಯಾಗಬಹುದು.

ಈ ರೋಗವು ವೇಷ ಮರೆಸಿಕೊಂಡು ಬರುವುದೇ ಅತ್ಯಂತ ಭಯಾವಹವಾದುದೆಂದು ನನಗೆ ತೋರುತ್ತದೆ. ದಿನ ತುಂಬುತ್ತ ಬಂದ ಬಸುರಿಗೆ ಏದುಸಿರು ಬಾರದಿರುತ್ತದೆಯೇ ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ; ಅವರ ಮಾತು ಸುಳ್ಳೂ ಅಲ್ಲ. ಆದರೆ ಸಹಜವಾದ ಏದುಸಿರು ಮೆಲ್ಲಮೆಲ್ಲನೆ ತಿಂಗಳುಗಳಲ್ಲಿ ಬೆಳೆಯುವಂಥದು. ಜ್ವರ ಕೆಮ್ಮುಗಳ ಬೆನ್ನಿಗೆ ಒಂದೆರಡು ದಿನಗಳಲ್ಲಿ ಬಂದುದು, ಕುಳಿತಲ್ಲಿಯೇ ಕಾಡುವುದು, ಒಂದು ವಾಕ್ಯವನ್ನು ತಡೆಯದೆ ಆಡಲು ಬಿಡದಿರುವುದು ಸಹಜವಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು 95ಕ್ಕಿಂತ ಕೆಳಗೆ ತೋರಿದರೆ, ಎದೆ ನೋಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮಂಪರು ಕವಿದರೆ, ಹೊಟ್ಟೆಯೊಳಗಿನ ಕೂಸಿನ ಮಿಸುಕಾಟ ಕಡಮೆಯೆನ್ನಿಸಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು. ಆಕ್ಸಿಮೀಟರು ಸರಿಯಾದ ಅಂಕಿಯನ್ನೇ ತೋರುತ್ತಿದ್ದರೂ ಉಸಿರು ಕಷ್ಟವಾಗಿದ್ದರೆ ನಂಬಬೇಕಾದುದು ಯಂತ್ರವನ್ನಲ್ಲ, ಆ ಹೆಣ್ಣುಮಗಳ ಮಾತನ್ನು.

ಕೂಸಿಗೆ ಕೇಡಾದೀತೆಂಬ ಭಯದಿಂದ ಔಷಧವನ್ನೇ ದೂರವಿಡುವ ವಾಡಿಕೆಯು ನಮ್ಮಲ್ಲಿ ಬಲವಾಗಿದೆ. ತೀವ್ರವಾದ ಜ್ವರವೂ ಆಮ್ಲಜನಕದ ಕೊರತೆಯೂ ಕೂಸಿಗೆ ಮಾಡುವ ಹಾನಿಯು ಹೆಚ್ಚಿನದೆಂಬುದು ಆಗ ಮರೆತುಹೋಗುತ್ತದೆ. ಜ್ವರವಿಳಿಸಲು ಪ್ಯಾರಾಸಿಟಮಾಲ್ ಯೋಗ್ಯವಾದುದು. ಐಬುಪ್ರೊಫೆನ್ ವರ್ಗದ ನೋವಿನ ಮಾತ್ರೆಗಳು, ಅದರಲ್ಲಿಯೂ 20 ವಾರಗಳು ಕಳೆದ ಮೇಲೆ, ವರ್ಜ್ಯ. ಇನ್‌ಫ್ಲುಯೆಂಜಾ ಎಂಬ ಶಂಕೆಯಿದ್ದಲ್ಲಿ ವೈದ್ಯರು ಒಸೆಲ್ಟಾಮಿವಿರ್ ಎಂಬ ಔಷಧವನ್ನು 75 ಮಿಲಿಗ್ರಾಮಿನಂತೆ ದಿನಕ್ಕೆರಡು ಬಾರಿ ಐದು ದಿನ ಕೊಡುತ್ತಾರೆ. 48 ಗಂಟೆಗಳೊಳಗೆ ತೊಡಗಿದರೆ ಫಲವು ಹೆಚ್ಚಾದುದರಿಂದ ಪರೀಕ್ಷೆಯ ವರದಿಗಾಗಿ ಕಾಯುವುದಿಲ್ಲ, ರೋಗವು ಉಲ್ಬಣಿಸಿದ್ದರೆ ತಡವಾಯಿತೆಂದು ಬಿಡುವುದೂ ಇಲ್ಲ. ಕಷಾಯವು ಗಂಟಲಿಗೆ ಹಿತವನ್ನುಂಟುಮಾಡೀತು. ಈ ಔಷಧದ ಸ್ಥಾನವನ್ನು ಅದು ತುಂಬಲಾರದು. ಎದೆಯ ಎಕ್ಸ್‌ರೇ ಅವಶ್ಯವೆಂದಾಗ ನಿರಾಕರಿಸಬೇಕಾಗಿಲ್ಲ. ಕೂಸಿಗೆ ತಲಪುವ ಕಿರಣವು ಅತ್ಯಲ್ಪ. ಆಸ್ಪತ್ರೆಯಲ್ಲಿ ಗರ್ಭಿಣಿಯನ್ನು ಅಂಗಾತ ಮಲಗಿಸದೆ ಎಡಮಗ್ಗುಲಿಗೆ ಮಲಗಿಸುವುದು, ತುಂಬಿದ ಗರ್ಭಕೋಶವು ಹೃದಯಕ್ಕೆ ಮರಳುವ ದೊಡ್ಡ ರಕ್ತನಾಳವನ್ನು ಒತ್ತದಿರಲೆಂದು. ಕೂಸನ್ನು ಹೊರತೆಗೆದೊಡನೆ ತಾಯಿಯ ಉಸಿರು ಸುಗಮವಾಗುವುದೆಂದು ಬಂಧುಗಳು ಆಶಿಸುತ್ತಾರೆ, ಸದಾ ಹಾಗಾಗುವುದಿಲ್ಲ. ಎಷ್ಟು ವಾರಗಳು ತುಂಬಿವೆ, ಇಬ್ಬರ ಸ್ಥಿತಿ ಹೇಗಿದೆ ಎಂಬುದನ್ನು ತೂಗಿನೋಡಿಯೇ ಹೆರಿಗೆಯ ನಿರ್ಧಾರವಾಗತಕ್ಕದ್ದು.

ಹೆರಿಗೆಯಾಯಿತೆಂದರೆ ಗಂಡಾಂತರ ಕಳೆಯಿತೆಂದು ನಿಟ್ಟುಸಿರುಬಿಡುವುದು ಸಹಜ. ಆದರೆ ಗರ್ಭಕೋಶವು ಕುಗ್ಗಿದೊಡನೆ ಅದರಲ್ಲಿದ್ದ ರಕ್ತವು ಮೈಯ ಪ್ರವಾಹಕ್ಕೆ ಹಿಂದಿರುಗಿ ಹೃದಯ ಶ್ವಾಸಕೋಶಗಳ ಮೇಲೆ ಹೊರೆಯೇರುತ್ತದೆ. ಇನ್‌ಫ್ಲುಯೆಂಜಾದ ವಿಶೇಷ ಅಪಾಯವು ಬಾಣಂತಿಗೆ ಇನ್ನೂ ಎರಡು ವಾರಗಳವರೆಗೆ, ರಕ್ತವು ಹೆಪ್ಪುಗಟ್ಟುವ ಅಪಾಯವು ಆರು ವಾರಗಳವರೆಗೆ ಇದ್ದೇ ಇರುತ್ತದೆ. ತವರಿನಲ್ಲಿ ಬಾಣಂತನ ಮಾಡುವ ತಾಯಂದಿರ ಶ್ರದ್ಧೆಯ ಬಗೆಗೆ ನನಗೆ ಅಪಾರವಾದ ಗೌರವವಿದೆ. ಎಣ್ಣೆನೀರು, ಬಿಸಿ ಅಡಿಗೆ, ವಿಶ್ರಾಂತಿ ಇವೆಲ್ಲ ಹಿತಕರವೇ. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆಯನ್ನೂ ಸಾಂಬ್ರಾಣಿಯ ಧೂಮವನ್ನೂ ತುಂಬುವುದು, ಶೀತವಾದೀತೆಂದು ಕುಡಿಯುವ ನೀರನ್ನು ಕಟ್ಟುಮಾಡುವುದು, ಜ್ವರದ ಬಾಣಂತಿಗೆ ಸಲ್ಲದು. ಕೂಸನ್ನು ನೋಡಲು ಬರುವ ನೆಂಟರಲ್ಲಿ ನೆಗಡಿ ಕೆಮ್ಮುಗಳಿದ್ದವರನ್ನು ಹೊಸ್ತಿಲಾಚೆಯೇ ನಿಲ್ಲಿಸುವುದು ಅನಾದರವೂ ಅಲ್ಲ. ಮೊಲೆಹಾಲನ್ನು ಮಾತ್ರ ನಿಲ್ಲಿಸಬೇಕಾಗಿಲ್ಲ: ತಾಯಿಯು ಕೈ ತೊಳೆದು, ಮೂಗುಬಾಯಿಗಳಿಗೆ ಮಾಸ್ಕ್ ಕಟ್ಟಿಕೊಂಡು ಉಣ್ಣಿಸಬಹುದು; ಏಳಲಾರದಷ್ಟು ನಿತ್ರಾಣವಾದಲ್ಲಿ ಹಿಂಡಿದ ಹಾಲನ್ನು ಬೇರೆಯವರು ಕುಡಿಸಬಹುದು.

ಆರು ತಿಂಗಳಾಗದ ಹಸುಗೂಸಿಗೆ ಇನ್‌ಫ್ಲುಯೆಂಜಾ ಲಸಿಕೆಯಿಲ್ಲ. ಅದರ ರಕ್ಷಣೆಯೆಲ್ಲ ತಾಯಿಯಿಂದಲೇ ಬರಬೇಕು. ಬಾಂಗ್ಲಾದೇಶದಲ್ಲಿ 340 ತಾಯಂದಿರನ್ನು ಕುರಿತು ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗರ್ಭಕಾಲದಲ್ಲಿ ಈ ಲಸಿಕೆ ಪಡೆದವರ ಕೂಸುಗಳಿಗೆ ಇನ್‌ಫ್ಲುಯೆಂಜಾ ತಗುಲುವುದು ನೂರಕ್ಕೆ 63ರಷ್ಟು ಕಡಮೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2012ರಲ್ಲಿ ಈ ಲಸಿಕೆಗೆ ಗರ್ಭಿಣಿಯರೇ ಅಗ್ರಪಾತ್ರರೆಂದು ಸಾರಿತು. ಉಸಿರನ್ನೇ ಕಾಡುವ ಕೋವಿಡ್‌ನ ಲಸಿಕೆಯನ್ನೂ ಗರ್ಭಿಣಿಯರಿಗೆ ಕೊಡಲು ಭಾರತ ಸರಕಾರವು 2021ರ ಜುಲೈ ತಿಂಗಳಿನಲ್ಲಿ ಅನುಮತಿಯಿತ್ತಿತು. ಧನುರ್ವಾತದ ಚುಚ್ಚುಮದ್ದನ್ನು ಮರೆಯದೆ ಹಾಕಿಸಿಕೊಳ್ಳುವ ನಮ್ಮ ಹೆಣ್ಣುಮಕ್ಕಳು ತಪಾಸಣೆಗೆ ಹೋದಾಗ ಇನ್‌ಫ್ಲುಯೆಂಜಾದ ಲಸಿಕೆಯನ್ನೂ ಬಾಯಿಬಿಟ್ಟು ಕೇಳಲಿ. ಯಾವ ತಿಂಗಳಲ್ಲಾದರೂ ಅದನ್ನು ಹಾಕಿಸಿಕೊಳ್ಳಬಹುದು. ತೋಳಿಗೆ ಚುಚ್ಚುವ ನಿರ್ಜೀವ ಲಸಿಕೆಯೇ ಆಗಿರಬೇಕು, ಮೂಗಿಗೆ ಸಿಂಪಡಿಸುವ ಸಜೀವ ಲಸಿಕೆಯು ಗರ್ಭಿಣಿಯರಿಗೆ ಕೂಡದು.