ಬಿಳಿ ಡ್ರಮ್ಮಿನ ನೀರು

ಸಂಕ್ರಾಂತಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ಹಿಂದಿದ್ದವರೊಬ್ಬರು, "ಏನ್ರೀ, ನಿಮ್ಮನೇಲಿ ಸಮುದ್ರ ಇದೆಯಂತಲ್ಲ?" ಎಂದು ಕೇಳಿದರು. ಬಿಸಿಬೇಳೆ ಭಾತಿನ ಪಾತ್ರೆ ತಲುಪುವಷ್ಟರಲ್ಲಿ ಅರ್ಧ ಕಥೆ ಹೇಳಿದ್ದೆ. ಉಳಿದರ್ಧ ಕೇಳಲು ಇನ್ನಿಬ್ಬರು ಸೇರಿಕೊಂಡರು. "ಇದನ್ನೇ ಬರೆದು ಕಳಿಸಿ, ಸಂಚಿಕೆಗೆ ಲೇಖನ ಕಮ್ಮಿ ಇದೆ" ಎಂದು ಸಂಪಾದಕರು ಹೇಳಿದ್ದರಿಂದ ಬರೆಯುತ್ತಿದ್ದೇನೆ. ತಪ್ಪೇನಾದರೂ ಇದ್ದರೆ ಅವರನ್ನು ಕೇಳಿ!

ನಮ್ಮ ಮನೆಯಲ್ಲಿರುವುದು 55 ಗ್ಯಾಲನ್ನಿನ ಉಪ್ಪುನೀರಿನ ಅಕ್ವೇರಿಯಂ. ಲೆಕ್ಕಕ್ಕೆ ಸುಮಾರು 200 ಲೀಟರ್, ಕಲ್ಲು ಮರಳು ಕಳೆದರೆ 175 ಲೀಟರ್ ನೀರು. ಅದರಲ್ಲಿ ಎರಡು ಕ್ಲೌನ್ ಫಿಶ್, ಮೈಮೇಲೆ ಕೆಂಪು ಬಿಳಿ ಪಟ್ಟೆಯ ಒಂದು ಕ್ಲೀನರ್ ಸಿಗಡಿ, ಪಾಚಿ ತಿನ್ನುವ ಹತ್ತು ಹನ್ನೆರಡು ಶಂಖದ ಹುಳುಗಳು ಮತ್ತು ಮೂರು ನಾಲ್ಕು ಬಗೆಯ ಮೆತ್ತನೆಯ ಹವಳ. "ಫೈಂಡಿಂಗ್ ನೀಮೋ" 2003ರಲ್ಲಿ ಬಂದ ಸಿನಿಮಾ. ನನ್ನ ಆರು ವರ್ಷದ ಮಗಳು ಅದನ್ನು ನೋಡಿದ್ದು ಮೊನ್ನೆ ಮೊನ್ನೆ, ಆದರೂ ಹುಚ್ಚು ಹೊಸದೇ. ಮೀನುಗಳಿಗೆ ಕಿಟ್ಟ, ಪುಟ್ಟ ಎಂದು ಹೆಸರಿಟ್ಟಿದ್ದಳು. ಸಿಗಡಿಯ ಹೆಸರು ಡಾಕ್ಟರ್. ಮೀನಿನ ಮೈಮೇಲಿನ ಕೊಳೆ, ಹುಳು ಕಿತ್ತು ತಿನ್ನುವುದೇ ಅದರ ಕಸುಬಾದ್ದರಿಂದ ಆ ಹೆಸರು.

ಉಪ್ಪುನೀರಿನ ತೊಟ್ಟಿ ಇಡುವವರು ಮೀನು ಸಾಕುವುದಿಲ್ಲ, ನೀರು ಸಾಕುತ್ತಾರೆ ಎಂದು ಅಂಗಡಿಯವನು ಮೊದಲ ದಿನವೇ ಹೇಳಿದ್ದ. ನಿಜ. ಮೀನಿನ ಹೇಸಿಗೆಯಿಂದ ಅಮೋನಿಯ ಬರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ವಿಷ, ಮೂರನೆಯದು ಮಿತಿಯಲ್ಲಿದ್ದರೆ ಪರವಾಗಿಲ್ಲ. ಈ ಬ್ಯಾಕ್ಟೀರಿಯಾಗಳು ಕಲ್ಲಿನಲ್ಲಿ ನೆಲೆಯೂರಲಿ ಎಂದು ಆರು ವಾರ ಖಾಲಿ ನೀರನ್ನು ನೋಡುತ್ತಾ ಕೂತಿದ್ದೆವು. ನಲ್ಲಿ ನೀರನ್ನು ನೇರವಾಗಿ ಹಾಕುವಂತಿಲ್ಲ, ಅದರಲ್ಲಿ ಕ್ಲೋರಿನ್ನೋ ಕ್ಲೋರಮೈನೋ ಇರುತ್ತದೆ. ಬೇಸ್‌ಮೆಂಟಿನ ಆರ್‌ಓ ಫಿಲ್ಟರಿನಲ್ಲಿ ಸೋಸಿ, ಸಿಹಿನೀರನ್ನು ಬಿಳಿ ಡ್ರಮ್ಮಿನಲ್ಲೂ ಉಪ್ಪು ಕಲಸಿದ ನೀರನ್ನು ನೀಲಿ ಡ್ರಮ್ಮಿನಲ್ಲೂ ಇಡುತ್ತಿದ್ದೆ. ಉಪ್ಪುನೀರು ವಾರಕ್ಕೊಮ್ಮೆ ನೀರು ಬದಲಿಸಲು. ಸಿಹಿನೀರು ದಿನಾ ಆವಿಯಾಗಿ ಕಡಿಮೆಯಾಗುವುದನ್ನು ತುಂಬಿಸಲು. ಈ ಮಿಚಿಗನ್ ಚಳಿಯಲ್ಲಿ ಹೀಟರ್ ಹಗಲೂ ರಾತ್ರಿ ಓಡಿ ಮನೆಯ ಗಾಳಿ ಹಪ್ಪಳದಂತೆ ಒಣಗುವುದರಿಂದ ದಿನಕ್ಕೆ ಎರಡೂವರೆ ಲೀಟರ್ ನೀರು ಹಾರಿಹೋಗುತ್ತದೆ.

ಹೋದ ಚಳಿಗಾಲದಲ್ಲಿ ನಮಗೆ ಎರಡನೇ ಮಗುವಾಯಿತು. ಬಾಣಂತನಕ್ಕೆ ಬಂದಿದ್ದ ಅತ್ತೆಯವರ ಆರು ತಿಂಗಳು ಮುಗಿದು ನಮ್ಮ ಆಯಿಯ ಪಾಳಿ ಶುರುವಾಗಿತ್ತು. (ನಮ್ಮದು ಗೋಕರ್ಣದ ಕಡೆ, ಅಮ್ಮನಿಗೆ ಆಯಿ ಎನ್ನುತ್ತೇವೆ.) ಅದೇ ಹೊತ್ತಿಗೆ ನನಗೆ ಆಫೀಸಿನ ಕೆಲಸದ ಮೇಲೆ ಎರಡು ವಾರ ಬೆಂಗಳೂರಿಗೆ ಹೋಗಬೇಕಾಗಿ ಬಂತು. ಹೆಂಡತಿಗೆ ಕೂಸಿನ ಕೆಲಸವೇ ಸಾಕಾಗಿತ್ತು. "ನೀರು ಹಾಕುವುದು ತಾನೇ, ನಾನು ನೋಡಿಕೊಳ್ಳುತ್ತೇನೆ" ಎಂದರು ಆಯಿ. ಬೆಂಗಳೂರಿನಿಂದ ಫೋನ್ ಮಾಡಿ ಹೇಳಿದೆ: "ಗಾಜಿನ ಮೇಲೆ ಗೆರೆ ಹಾಕಿದ್ದೇನೆ. ದಿನಾ ಬೆಳಿಗ್ಗೆ ಆ ಗೆರೆ ಮುಟ್ಟುವ ತನಕ ಬಿಳಿ ಡ್ರಮ್ಮಿನ ನೀರು ಹಾಕು."

ವಾಪಸು ಬಂದು ಬೂಟು ಬಿಚ್ಚುವ ಮೊದಲೇ ಮಗಳು ಕೈಹಿಡಿದು ಎಳೆದುಕೊಂಡು ಹೋದಳು. ಡಾಕ್ಟರ್ ಕಲ್ಲಿನ ಸಂದಿಯಲ್ಲಿ ಸತ್ತು ಬಿದ್ದಿತ್ತು. ಶಂಖದ ಹುಳುಗಳು ಅರ್ಧಕ್ಕರ್ಧ ಮರಳಿನ ಮೇಲೆ ಮಗುಚಿಕೊಂಡಿದ್ದವು. ಹವಳಗಳೆಲ್ಲ ಮುದುಡಿ ಮುಷ್ಟಿಯಂತಾಗಿದ್ದವು. ಕಿಟ್ಟ ಪುಟ್ಟ ಮಾತ್ರ ಏನೂ ಆಗಿಲ್ಲವೇನೋ ಎಂಬಂತೆ ಓಡಾಡುತ್ತಿದ್ದವು.

ವೃತ್ತಿಯಿಂದ ನಾನು ಸಾಫ್ಟ್‌ವೇರಿನವನು, ಬಗ್ ಹುಡುಕುವುದೇ ಹೊಟ್ಟೆಪಾಡು. ಟೆಸ್ಟ್ ಕಿಟ್ ಹರಡಿಕೊಂಡು ಕೂತೆ. ಅಮೋನಿಯ 0, ನೈಟ್ರೈಟ್ 0, ನೈಟ್ರೇಟ್ 10. ಉಷ್ಣತೆ 25 ಡಿಗ್ರಿ. ಪಿಎಚ್ 7.9, ತುಸು ಕಡಿಮೆ. ಕಿಟಕಿ ಮುಚ್ಚಿದ ಮನೆಯಲ್ಲಿ ಐದು ಜನ ಬಿಟ್ಟ ಉಸಿರಿನ ಕಾರ್ಬನ್ ಡೈ ಆಕ್ಸೈಡ್ ನೀರಿಗೆ ಸೇರಿದರೆ ಪಿಎಚ್ ಇಳಿಯುತ್ತದೆ. ಒಂದು ಲೋಟ ನೀರನ್ನು ಗರಾಜಿಗೆ ಒಯ್ದು ಅರ್ಧ ಗಂಟೆ ಗಾಳಿಗುಳ್ಳೆ ಬಿಟ್ಟು ಅಳೆದೆ, 8.2 ಬಂತು. ಹಾಗಾದರೆ ಅದಲ್ಲ. ಕೊನೆಗೆ ಉಪ್ಪಿನ ಅಂಶ. ಹೈಡ್ರೋಮೀಟರ್ ಎಂಬ ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ನೀರು ತುಂಬಿದರೆ ಒಳಗಿನ ಮುಳ್ಳು ಮೇಲೆದ್ದು ಸಾಂದ್ರತೆ ತೋರಿಸುತ್ತದೆ. 1.025 ತೋರಿಸಿತು. ಸಮುದ್ರಕ್ಕೆ ಹತ್ತಿರವೇ. ಎಲ್ಲ ಸರಿಯಿದೆ, ಜೀವಗಳು ಮಾತ್ರ ಸಾಯುತ್ತಿವೆ.

ಆಗ ಕಣ್ಣಿಗೆ ಬಿತ್ತು, ತೊಟ್ಟಿಯ ಪಕ್ಕದಲ್ಲಿ ಆಯಿಯ ತಾಮ್ರದ ಚೊಂಬು!

ತಾಮ್ರ ಉಪ್ಪುನೀರಿನ ತೊಟ್ಟಿಯವರಿಗೆ ಸಿಂಹಸ್ವಪ್ನ. ಮೀನಿನ ಕೆಲವು ರೋಗಗಳಿಗೆ ತಾಮ್ರವೇ ಔಷಧಿ, ಆ ಪ್ರಮಾಣವನ್ನು ಮೀನು ತಡೆದುಕೊಳ್ಳುತ್ತದೆ. ಸಿಗಡಿ, ಶಂಖ, ಹವಳಗಳಿಗೆ ಅದೇ ಪ್ರಮಾಣ ಸಾವು. ಲಕ್ಷಣ ಪೂರ್ತಿ ಹೊಂದುತ್ತಿತ್ತು: ಮೀನು ಬದುಕಿದೆ, ಉಳಿದದ್ದು ಸಾಯುತ್ತಿದೆ. "ಚೊಂಬಿನಲ್ಲಿ ನೀರು ಹಾಕಿದೆಯಾ?" ಎಂದೆ. "ಹೌದು, ಅದೇ ಅಳತೆಗೆ ಸರಿಯಾಗುತ್ತಿತ್ತು" ಎಂದರು. ಮುಂದೆ ನಾನು ಆಡಿದ ಮಾತನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಇಪ್ಪತ್ತು ಗಂಟೆ ಪ್ರಯಾಣ ಮಾಡಿ ಬಂದವನ ಬಾಯಿ ಹೇಗಿರುತ್ತದೆಂದು ನಿಮಗೂ ಗೊತ್ತು. ಆಯಿ ಏನೂ ಹೇಳಲಿಲ್ಲ. ಚೊಂಬನ್ನು ಒರೆಸಿ ತಮ್ಮ ಸೂಟ್‌ಕೇಸಿನಲ್ಲಿಟ್ಟರು. ಮರುದಿನ ಬೆಳಿಗ್ಗೆ ಸ್ಟೀಲ್ ಲೋಟದಲ್ಲಿ ನೀರು ಕುಡಿಯುತ್ತಿದ್ದರು.

ನಾನು ಬಿಳಿ ಡ್ರಮ್ಮಿಗೂ ಚೊಂಬು ಅದ್ದಿರಬಹುದೆಂದು ಅದರ ನೀರು ಮುಟ್ಟದೆ, ಫಿಲ್ಟರಿನಿಂದ ಹೊಸ ನೀರು ಹಿಡಿದು 40 ಲೀಟರಿಗೆ ಉಪ್ಪು ಕಲಸಿದೆ. ಸಾಮಾನ್ಯವಾಗಿ ಐದು ಕಪ್ ಸಾಕು. ಅವತ್ತು ಮುಳ್ಳು 1.025ಕ್ಕೆ ಬರಲು ಆರು ಕಪ್ ಬೇಕಾಯಿತು. ಉಪ್ಪು ಹಳೆಯದಿರಬೇಕು ಅಂದುಕೊಂಡೆ. ನೋಡಿ, ಉತ್ತರ ಆ ಕಪ್ಪಿನಲ್ಲೇ ಇತ್ತು, ನನಗೆ ಕಾಣಿಸಲಿಲ್ಲ. ನೀರು ಬದಲಿಸಿದ್ದಾಯಿತು, ಹವಳ ಬಾಯಿ ಬಿಡಲಿಲ್ಲ. ಇನ್ನೆರಡು ಶಂಖ ಹೋದವು.

ಎರಡು ದಿನ ಬಿಟ್ಟು ಒಂದು ಬಾಟಲಿ ನೀರನ್ನು ಅಂಗಡಿಗೆ ಒಯ್ದು ತಾಮ್ರದ ಪರೀಕ್ಷೆ ಮಾಡಿಸಿದೆ. ಕಿಟ್ಟಿಗೆ ಸಿಗುವಷ್ಟು ತಾಮ್ರವೇ ಇರಲಿಲ್ಲ. ಅಷ್ಟನ್ನೇ ಕೇಳಿದ್ದೆ, ಅಷ್ಟನ್ನೇ ನೋಡಿ ಕಳಿಸಿದರು.

ಆ ರಾತ್ರಿ ತೊಟ್ಟಿಯೆದುರು ಕೂತಿದ್ದಾಗ ಆಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಪಕ್ಕಕ್ಕೆ ಬಂದು ಕೂತರು. "ತಮಾ, ಒಂದ್ ಮಾತು ಕೇಳ್ತಿ, ಸಿಟ್ಟು ಮಾಡಡ. ಆಗರದಲ್ಲಿ ಬಿಸ್ಲಿಗೆ ನೀರು ಹೋಗ್ತು, ಉಪ್ಪು ಹೋಗ್ತಿಲ್ಲೆ. ಇಲ್ಲಿ ಹೋದ ನೀರಿಗೆ ಬದ್ಲು ನೀ ಉಪ್ಪುನೀರೇ ಹಾಕ್ಸಿದ್ಯಲಾ, ಅದು ಸರಿಯನಾ?"

ಗೋಕರ್ಣದ ಪಕ್ಕದಲ್ಲೇ ಸಾಣಿಕಟ್ಟಾ. ಅಘನಾಶಿನಿಯ ಅಳಿವೆಯ ನೀರನ್ನು ಗದ್ದೆಯಂಥ ಮಡಿಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವ ಆಗರಗಳನ್ನು ನೋಡುತ್ತಲೇ ಬೆಳೆದವರು ಆಯಿ. "ಉಪ್ಪುನೀರಾ? ಬಿಳಿ ಡ್ರಮ್ಮಿನದ್ದು ಸಿಹಿನೀರು" ಎಂದೆ. "ಕೈ ಒಣಗಿದರೆ ಬೆಳ್ಳಗೆ ಪುಡಿ ಏಳುತ್ತಿತ್ತು. ಸಿಹಿನೀರು ಹೇಗಾಗುತ್ತದೆ?" ಎಂದರು.

ಬೇಸ್‌ಮೆಂಟಿಗೆ ಓಡಿ ಡ್ರಮ್ಮಿಗೆ ಟಿಡಿಎಸ್ ಮೀಟರ್ ಅದ್ದಿದೆ. ಸೊನ್ನೆ ತೋರಿಸಬೇಕಾದ್ದು ಅಳತೆ ಮೀರಿದೆ ಎಂದಿತು. ಆಗ ನೆನಪಾಯಿತು. ಊರಿಗೆ ಹೊರಡುವ ಹಿಂದಿನ ರಾತ್ರಿ ನೀಲಿ ಡ್ರಮ್ಮಿನ ಹತ್ತಿರದ ಪ್ಲಗ್ಗು ಕೆಲಸ ಮಾಡದೆ ಪಂಪ್ ಓಡಲಿಲ್ಲ, ಬಿಳಿ ಡ್ರಮ್ಮಿನಲ್ಲೇ ಉಪ್ಪು ಕಲಸಿ ಸಿಹಿನೀರನ್ನು ನೀಲಿಗೆ ತುಂಬಿಸಿದ್ದೆ. ಅದೇ ಅವಸರದಲ್ಲಿ ಹೈಡ್ರೋಮೀಟರನ್ನೂ ತೊಳೆಯದೆ ಇಟ್ಟುಹೋಗಿದ್ದೆ. ಎರಡು ವಾರ ಒಣಗಿದ ಉಪ್ಪು ಮುಳ್ಳಿಗೆ ಅಂಟಿ, ಮುಳ್ಳು ಭಾರವಾಗಿ, ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತಿತ್ತು. ತೊಟ್ಟಿಯನ್ನು ಅಳೆದದ್ದೂ, ಹೊಸ ನೀರು ಕಲಸಿದ್ದೂ ಅದೇ ಸುಳ್ಳು ತಕ್ಕಡಿಯಲ್ಲಿ. ಹಾಗಾಗಿಯೇ ಆರನೇ ಕಪ್ಪು!

ಲೆಕ್ಕ ಹಾಕಿದೆ. ದಿನಕ್ಕೆ ಎರಡೂವರೆ ಲೀಟರ್, ಹದಿನಾಲ್ಕು ದಿನಕ್ಕೆ 35 ಲೀಟರ್. ಲೀಟರಿಗೆ 35 ಗ್ರಾಮಿನಂತೆ ತೊಟ್ಟಿಗೆ ಸೇರಿದ ಹೆಚ್ಚುವರಿ ಉಪ್ಪು ಸುಮಾರು ಒಂದೂಕಾಲು ಕಿಲೋ. 175 ಲೀಟರಿಗೆ ಹಂಚಿದರೆ ಲೀಟರಿಗೆ 7 ಗ್ರಾಂ ಏರಿ, 35 ಇರಬೇಕಾದ್ದು 42 ಆಗಿತ್ತು. ಮರುದಿನ ಬೆಳಕಿನ ಬಾಗುವಿಕೆಯಿಂದ ಉಪ್ಪನ್ನು ಅಳೆಯುವ ರಿಫ್ರ್ಯಾಕ್ಟೋಮೀಟರನ್ನೂ, ಅದನ್ನು ಸರಿಹೊಂದಿಸಲು 35ರ ಅಳತೆಯ ದ್ರಾವಣವನ್ನೂ ಕೊಂಡುತಂದು ನೋಡಿದರೆ, ಮುಟ್ಟಿದಂತೆ 42. ಮೀನು ಸಮುದ್ರದ ನೀರನ್ನೇ ಕುಡಿದು ಹೆಚ್ಚಿನ ಉಪ್ಪನ್ನು ಕಿವಿರುಗಳಿಂದ ಹೊರಹಾಕುತ್ತದೆ, ಅದಕ್ಕೇ ಕಿಟ್ಟ ಪುಟ್ಟ ತಡೆದುಕೊಂಡವು. ಶಂಖ, ಹವಳಗಳಿಗೆ ಆ ಶಕ್ತಿಯಿಲ್ಲ, ಸಿಗಡಿಗೂ ಅಷ್ಟಾಗಿ ಇಲ್ಲ. ತಾಮ್ರ ಕೊಲ್ಲುವುದೂ ಇವನ್ನೇ ಆದ್ದರಿಂದ ನಾನು ಮೋಸಹೋದೆ. ಮೋಸಹೋದೆ ಎನ್ನುವುದಕ್ಕಿಂತ, ಮನೆಗೆ ಹೊಸದಾಗಿ ಬಂದಿದ್ದು ಆಯಿ ಮತ್ತು ಅವರ ಚೊಂಬು, ಅದಕ್ಕೇ ಅಲ್ಲಿ ಹುಡುಕಿದೆ. ಆಫೀಸಿನಲ್ಲೂ ಬಿಲ್ಡ್ ಮುರಿದರೆ ಮೊದಲು ಬೈಸಿಕೊಳ್ಳುವವನು ಹೊಸದಾಗಿ ಸೇರಿದ ಹುಡುಗನೇ.

ಉಪ್ಪನ್ನು ಒಮ್ಮೆಲೇ ಇಳಿಸುವಂತಿಲ್ಲ, ಉಳಿದವೂ ಸಾಯುತ್ತವೆ. ದಿನಾ ಐದು ಲೀಟರ್ ತೆಗೆದು ಐದು ಲೀಟರ್ ಸಿಹಿನೀರು ಹಾಕಿದರೆ ದಿನಕ್ಕೆ ಒಂದು ಗ್ರಾಂ ಚಿಲ್ಲರೆ ಇಳಿಯುತ್ತದೆ. ಒಂದು ವಾರ ಹಿಡಿಯಿತು. ಐದನೇ ದಿನ ಮೊದಲ ಹವಳ ಬಾಯಿ ತೆರೆಯಿತು, ಮಗಳೇ ಮೊದಲು ನೋಡಿದಳು. ಹೈಡ್ರೋಮೀಟರನ್ನು ವಿನೆಗರಿನಲ್ಲಿ ನೆನೆಸಿ ತೊಳೆದ ಮೇಲೆ ಅದೂ ಸತ್ಯ ಹೇಳತೊಡಗಿತು.

"ಉಪ್ಪುನೀರು ಅಂತ ಗೊತ್ತಾದಾಗಲೇ ಫೋನಿನಲ್ಲಿ ಯಾಕೆ ಹೇಳಲಿಲ್ಲ?" ಎಂದು ಆಯಿಯನ್ನು ಕೇಳಿದೆ. "ಸಮುದ್ರದ ಮೀನು, ಉಪ್ಪುನೀರೇ ಇರಬೇಕು ಅಂದುಕೊಂಡೆ. ನೀನು ಇಂಜಿನಿಯರು, ಗೊತ್ತಿಲ್ಲದೆ ಹೇಳುತ್ತೀಯಾ?" ಎಂದರು. ಚೇಷ್ಟೆಯೋ ನಿಜವೋ ತಿಳಿಯಲಿಲ್ಲ. ಕ್ಷಮೆ ಕೇಳಲು ಹೋದರೆ, "ಸಾಕು ಮಾರಾಯ, ಕೂಸು ಎದ್ದುಬಿಡುತ್ತದೆ" ಎಂದು ಬಾಯಿ ಮುಚ್ಚಿಸಿದರು. ಚೊಂಬು ಸೂಟ್‌ಕೇಸಿನಿಂದ ಹೊರಬರಲು ಇನ್ನೂ ನಾಲ್ಕು ದಿನ ಬೇಕಾಯಿತು. ತೊಟ್ಟಿಯ ಹತ್ತಿರ ಮಾತ್ರ ಅದನ್ನು ಅವರೇ ತರಲಿಲ್ಲ. ತರುವುದು ಬೇಡವೂ ಹೌದು. ಆ ಸಲ ತಾಮ್ರ ತಪ್ಪು ಮಾಡಿರಲಿಲ್ಲ ಅಷ್ಟೇ.

ಈಗ ಡ್ರಮ್ಮುಗಳ ಮೇಲೆ ಮಗಳ ಕೈಬರಹದಲ್ಲಿ "ಉಪ್ಪು", "ಸಪ್ಪೆ" ಎಂದು ಕನ್ನಡದಲ್ಲೇ ಬರೆದಿದೆ. ಕನ್ನಡ ಶಾಲೆಯಲ್ಲಿ ಕಲಿತ ಒತ್ತಕ್ಷರಕ್ಕೆ ಒಳ್ಳೆಯ ಉಪಯೋಗ. ಹೊಸ ಸಿಗಡಿಗೂ ಡಾಕ್ಟರ್ ಎಂದೇ ಹೆಸರು. ನಮ್ಮ ಕೂಟದಲ್ಲಿ ಇನ್ನೂ ಮೂರು ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇದೆಯೆಂದು ಊಟದ ಸಾಲಿನಲ್ಲಿ ಗೊತ್ತಾಯಿತು. ಯಾರಿಗೆ ಬೇಕಾದರೂ ರಿಫ್ರ್ಯಾಕ್ಟೋಮೀಟರ್ ಎರವಲು ಕೊಡುತ್ತೇನೆ. ವಾಪಸು ಕೊಡುವಾಗ ಮಾತ್ರ ಸಪ್ಪೆ ನೀರಿನಲ್ಲಿ ತೊಳೆದು ಕೊಡಿ.