ಲಸಿಕೆಯಿಂದ ತೊಂದರೆಯಾದ್ರೆ ಪರಿಹಾರ ಯಾರನ್ನ ಕೇಳೋದು?

ಕೋವಿಡ್ ಲಸಿಕೆ ಹಾಕಿಸಿಕೊಂಡಾಗ ನಮ್ಮ ಯಲಹಂಕದಲ್ಲೂ ಹೆಚ್ಚಿನವರಿಗೆ ಬಂದಿದ್ದು ಎರಡು ದಿನದ ಜ್ವರ, ಮೈಕೈ ನೋವು ಅಷ್ಟೇ. ಆದರೆ ತೀರಾ ಅಪರೂಪದ ತೊಂದರೆ ನಮ್ಮ ಮನೆಯವರಿಗೇ ಆದ್ರೆ? ಆಸ್ಪತ್ರೆ ಬಿಲ್ ಯಾರು ಕಟ್ಟಬೇಕು?

ಈ ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು 2021ರಲ್ಲಿ. ಲಸಿಕೆ ಪಡೆದ ಬಳಿಕ ತೀರಿಕೊಂಡ ಇಬ್ಬರು ಯುವತಿಯರ ಪೋಷಕರು ಪರಿಹಾರ ಕೇಳಿದ್ದರು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೊಟ್ಟ ಉತ್ತರ: ಸಾವಿಗೆ ಸಂತಾಪವಿದೆ, ಆದರೆ ಸರ್ಕಾರವನ್ನು ನೇರ ಹೊಣೆ ಮಾಡಲಾಗದು, ನಿರ್ಲಕ್ಷ್ಯ ಆಗಿದೆ ಅನಿಸಿದರೆ ಸಿವಿಲ್ ಕೋರ್ಟಿಗೆ ಹೋಗಬಹುದು.

ಕಷ್ಟ ಇರೋದು ಇಲ್ಲೇ. ಅಪರೂಪದ ಅಡ್ಡಪರಿಣಾಮಕ್ಕೆ ಯಾರ ತಪ್ಪೂ ಇಲ್ಲದಿರಬಹುದು. ತಪ್ಪೇ ಇಲ್ಲದಾಗ ನಿರ್ಲಕ್ಷ್ಯ ಸಾಬೀತು ಮಾಡೋದು ಹೇಗೆ? ಲಸಿಕೆಯ ನಂತರ ಆಗಿದ್ದೆಲ್ಲ ಲಸಿಕೆಯಿಂದಲೇ ಆಗಿದ್ದು ಅಂತಲೂ ಅಲ್ಲ. ಹೊಸ ರಿಲೀಸ್ ಆದ ಮೇಲೆ ಸರ್ವರ್ ಬಿದ್ದರೆ ಲಾಗ್ ನೋಡದೆ ಕಾರಣ ಹೇಳ್ತೀವಾ?

ಬೇರೆ ದೇಶಗಳು ಇದಕ್ಕೊಂದು ದಾರಿ ಮಾಡಿವೆ. ಬ್ರಿಟನ್‌ನಲ್ಲಿ 1979ರ ಕಾಯ್ದೆಯಿದೆ: ಲಸಿಕೆಯಿಂದ ಶೇ. 60ರಷ್ಟು ಅಂಗವೈಕಲ್ಯ ಅಂತ ತೀರ್ಮಾನವಾದರೆ 1,20,000 ಪೌಂಡ್, ಯಾರ ತಪ್ಪೂ ತೋರಿಸಬೇಕಿಲ್ಲ. ಅಮೆರಿಕದಲ್ಲಿ 1988ರಿಂದ ಲಸಿಕೆ ಮೇಲಿನ ತೆರಿಗೆಯಿಂದಲೇ ಒಂದು ನಿಧಿ ನಡೆಯುತ್ತಿದೆ.

ಗ್ರಾಹಕ ನ್ಯಾಯಾಲಯ? ದುಡ್ಡು ಕೊಟ್ಟು ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿದ್ದು, ಅಲ್ಲಿ ನಿರ್ಲಕ್ಷ್ಯ ಆಗಿದ್ದರೆ ಹೋಗಬಹುದು. ಗಡುವು 2 ವರ್ಷ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎಲ್ಲರಿಗೂ ಉಚಿತ ಸೇವೆ ಕೊಡುವ ಸರ್ಕಾರಿ ಕೇಂದ್ರಕ್ಕೆ ಈ ದಾರಿ ಇಲ್ಲ. 1995ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ.

ಹಾಗಾದ್ರೆ ಮೊದಲು ಏನು ಮಾಡಬೇಕು?

• ಲಸಿಕೆ ಹಾಕಿದ ಕೇಂದ್ರಕ್ಕೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ತಕ್ಷಣ ತಿಳಿಸಿ. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇಂಥ ಪ್ರಕರಣ ಪರಿಶೀಲಿಸಲು ಜಿಲ್ಲಾ, ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಸಮಿತಿಗಳಿವೆ.

• ಸರ್ಟಿಫಿಕೇಟ್, ಬ್ಯಾಚ್ ನಂಬರ್, ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ರಿಪೋರ್ಟ್, ಬಿಲ್ ಎಲ್ಲ ಜೋಪಾನವಾಗಿಡಿ.

• ಸಾವು ಸಂಭವಿಸಿದ್ದರೆ, ಎಷ್ಟೇ ಸಂಕಟವಿದ್ದರೂ, ಮರಣೋತ್ತರ ಪರೀಕ್ಷೆ ಮಾಡಿಸಿ. ಅದಿಲ್ಲದೆ ಕಾರಣ ಹೇಳೋದು ಬಹಳ ಕಷ್ಟ.

• ವಕೀಲರಿಗೆ ಕೊಡಲು ಹಣವಿಲ್ಲವೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ.

ಮಕ್ಕಳ ಲಸಿಕೆ ತಪ್ಪಿಸಬೇಡಿ; ಪೋಲಿಯೊ ಓಡಿಸಿದ್ದು ಅದೇ. ಆದರೆ ಎಲ್ಲರ ಆರೋಗ್ಯಕ್ಕಾಗಿ ತೋಳು ಕೊಟ್ಟವರಲ್ಲಿ ಒಬ್ಬರಿಗೆ ಪೆಟ್ಟಾದಾಗ, ಆ ಖರ್ಚನ್ನು ಅವರ ಮನೆಯವರೇ ಹೊರಬೇಕು ಅನ್ನೋದು ನ್ಯಾಯವಲ್ಲ.