ರಸ್ತೆಯ ಹಣದಲ್ಲಿ ಪಾದಚಾರಿಯ ಪಾಲು

ರಸ್ತೆ ಎಲ್ಲರದೆಂದು ಹೇಳುವುದು ಸುಲಭ. ಆದರೆ ಅದನ್ನು ಕಟ್ಟಿ ಕಾಪಾಡುವ ಹಣ ಯಾರಿಂದ ಬರಬೇಕು? ಯಾರ ಸಲುವಾಗಿ ವೆಚ್ಚವಾಗಬೇಕು? ಮೋಟಾರು ಗಾಡಿ ಬಳಕೆಗೆ ಬಂದಂದಿನಿಂದ ಈ ಪ್ರಶ್ನೆಗಳು ಎಲ್ಲ ದೇಶಗಳನ್ನೂ ಕಾಡುತ್ತ ಬಂದಿವೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ಆರೆಗನ್ ಸಂಸ್ಥಾನವು ಇವಕ್ಕೆ ಕಂಡುಕೊಂಡ ಉತ್ತರ ವಿಚಾರಯೋಗ್ಯವಾಗಿದೆ.

1919ರಲ್ಲಿ ಆ ಸಂಸ್ಥಾನವು ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಒಂದು ಸೆಂಟಿನಂತೆ ತೆರಿಗೆ ವಿಧಿಸಿತು. ಆ ದೇಶದಲ್ಲಿ ಇಂಥ ತೆರಿಗೆ ಅದೇ ಮೊದಲು. ಇದರ ಹಿಂದಿನ ತರ್ಕ ಸರಳವಾದುದು: ಹೆಚ್ಚು ದೂರ ಓಡಿಸುವವನು ಹೆಚ್ಚು ಪೆಟ್ರೋಲು ಉರಿಸುತ್ತಾನೆ, ಹೆಚ್ಚು ತೆರಿಗೆ ಕೊಡುತ್ತಾನೆ, ಆ ಹಣದಿಂದ ರಸ್ತೆ ಬೆಳೆಯುತ್ತದೆ. ಹತ್ತೇ ವರ್ಷಗಳಲ್ಲಿ ಅಲ್ಲಿಯ ಸಂಸ್ಥಾನಗಳೆಲ್ಲವೂ ಈ ಉಪಾಯವನ್ನು ಕೈಕೊಂಡವು.

ಆದರೆ ಇದೇ ತರ್ಕದಿಂದ ಒಂದು ತೊಡಕೂ ಹುಟ್ಟಿತು. ಪೆಟ್ರೋಲಿನ ಹಣ ಮೋಟಾರಿಗೇ ಸಲ್ಲತಕ್ಕದ್ದೆಂಬ ಭಾವನೆ ಬೇರೂರಿತು. ರಸ್ತೆಗಳು ಅಗಲವಾದವು, ವೇಗ ಹೆಚ್ಚಿತು; ನಡೆಯುವವನಿಗೂ ಬೈಸಿಕಲ್ಲು ತುಳಿಯುವವನಿಗೂ ಎಡೆ ಕಿರಿದಾಯಿತು. ತೆರಿಗೆ ಕೊಡದವನಿಗೆ ಪಾಲೇಕೆ ಎಂಬ ವಾದವೂ ಎದ್ದಿತು.

ಈ ವಾದದಲ್ಲಿ ಹುರುಳೆಷ್ಟು? ಊರೊಳಗಿನ ಬೀದಿಗಳಿಗೆ ಆಸ್ತಿ ತೆರಿಗೆ ಮೊದಲಾದ ಸಾಮಾನ್ಯ ವರಮಾನದಿಂದಲೂ ಹಣ ಹೋಗುತ್ತದೆ. ಅದನ್ನು ಕಾರಿಲ್ಲದವನೂ ತೆರುತ್ತಾನೆ. ವಿಜ್ಞಾನದ ಸಾಕ್ಷ್ಯವೂ ಒಂದುಂಟು. 1958ರಿಂದ 1960ರ ವರೆಗೆ ಇಲಿನಾಯ್ ಸಂಸ್ಥಾನದ ಒಟ್ಟಾವಾ ಪಟ್ಟಣದ ಬಳಿ ಪರೀಕ್ಷೆಗೆಂದೇ ರಸ್ತೆಗಳನ್ನು ಕಟ್ಟಿ, ಬೇರೆ ಬೇರೆ ಭಾರ ಹೇರಿದ ಲಾರಿಗಳನ್ನು ಸೈನಿಕರಿಂದ ಓಡಿಸಿದರು. ಗಾಡಿಗಳ ಅಚ್ಚುಗಳು 11 ಲಕ್ಷಕ್ಕೂ ಹೆಚ್ಚು ಬಾರಿ ಹಾದುಹೋದ ಮೇಲೆ ಒಂದು ನಿಯಮ ಗೋಚರಿಸಿತು. ಅಚ್ಚಿನ ಮೇಲಣ ಭಾರ ಎರಡರಷ್ಟಾದರೆ ರಸ್ತೆಯ ಸವೆತ ಎರಡರಷ್ಟಲ್ಲ, ಸುಮಾರು ಹದಿನಾರರಷ್ಟಾಗುತ್ತದೆ. ಅಂದರೆ ಸವೆತವು ಭಾರದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ.

ಸವಾರನೂ ಸೇರಿ 100 ಕಿಲೋಗ್ರಾಂ ತೂಗುವ ಬೈಸಿಕಲ್ಲಿನ ಒಂದೊಂದು ಅಚ್ಚಿನ ಮೇಲೆ 50 ಕಿಲೋಗ್ರಾಂ ಭಾರವಿದೆಯೆನ್ನೋಣ. 1,500 ಕಿಲೋಗ್ರಾಂ ತೂಗುವ ಕಾರಿನಲ್ಲಿ ಅದು 750, ಎಂದರೆ ಹದಿನೈದರಷ್ಟು. 15ರ ನಾಲ್ಕನೆಯ ಘಾತ 50,625! ಲಾರಿಗಳಿಂದ ದೊರೆತ ನಿಯಮವನ್ನು ಇಷ್ಟು ಹಗುರವಾದ ವಾಹನಕ್ಕೆ ಹಚ್ಚಿದಾಗ ಬರುವ ಅಂಕಿಯನ್ನು ಬರಿಯ ಅಂದಾಜೆಂದೇ ತಿಳಿಯಬೇಕು. ಆದರೂ ರಸ್ತೆಯನ್ನು ಸವೆಸುವವರಾರೆಂಬುದರಲ್ಲಿ ಸಂಶಯವಿಲ್ಲ. ಆರೆಗನ್ನಿನಲ್ಲಿ 26,000 ಪೌಂಡಿಗೆ ಮೀರಿದ ಲಾರಿಗಳಿಗೆ ತೂಕವನ್ನೂ ಓಡಿದ ಮೈಲಿಗಳನ್ನೂ ನೋಡಿ ತೆರಿಗೆ ಕಟ್ಟುವುದು ಇದಕ್ಕೆ ಒಪ್ಪುವಂತಿದೆ.

1971ರಲ್ಲಿ ಡಾನ್ ಸ್ಟ್ಯಾಥೋಸ್ ಎಂಬ ಶಾಸನಸಭಾ ಸದಸ್ಯರು ತಂದ ಮಸೂದೆಯೊಂದು ಅಲ್ಲಿ ಅಂಗೀಕೃತವಾಯಿತು. ಗವರ್ನರ್ ಟಾಮ್ ಮೆಕಾಲ್ ಅದಕ್ಕೆ ಸಹಿ ಹಾಕಿದರು. ಅದರಲ್ಲಿ ಎರಡು ಮುಖ್ಯ ವಿಧಿಗಳಿವೆ. ಮೊದಲನೆಯದು, ಹೆದ್ದಾರಿ ನಿಧಿಯ ಹಣ ಪಡೆಯುವವರು ರಸ್ತೆಯನ್ನು ಹೊಸದಾಗಿ ಕಟ್ಟುವಾಗ ಅಥವಾ ಪುನಃ ಕಟ್ಟುವಾಗ ಕಾಲುಹಾದಿ, ಬೈಸಿಕಲ್ ಹಾದಿಗಳನ್ನೂ ಒದಗಿಸತಕ್ಕದ್ದು. ಎರಡನೆಯದು, ಆ ನಿಧಿಯಿಂದ ದೊರೆತ ಹಣದಲ್ಲಿ ಶೇಕಡಾ 1ಕ್ಕೆ ಕಡಮೆಯಿಲ್ಲದಷ್ಟನ್ನು ಇವಕ್ಕಾಗಿ ವ್ಯಯಮಾಡತಕ್ಕದ್ದು. ಜನಸಂಚಾರ ತೀರ ವಿರಳವಾಗಿರುವಲ್ಲಿ, ವೆಚ್ಚವು ಅಗತ್ಯಕ್ಕೆ ತೀರ ಮೀರುವಲ್ಲಿ, ಸಾರ್ವಜನಿಕರ ಸುರಕ್ಷತೆಗೆ ಬಾಧಕವಾಗುವಲ್ಲಿ ವಿನಾಯಿತಿಯುಂಟು.

ಶೇಕಡಾ 1 ಎಂಬ ಅಂಕಿಯೇ ಜನರ ನೆನಪಿನಲ್ಲಿ ಉಳಿಯಿತು. ಆದರೆ ಹೆಚ್ಚು ಬಲವಿರುವುದು ಮೊದಲನೆಯ ವಿಧಿಯಲ್ಲಿ. ನೆಲ ಅಗೆಯುವುದು, ಮಟ್ಟಮಾಡುವುದು, ಚರಂಡಿ ತೆಗೆಯುವುದು ರಸ್ತೆಗೆ ಹೇಗೂ ಬೇಕಾದ ಕೆಲಸಗಳು. ಅದೇ ಸಮಯದಲ್ಲಿ ಪಕ್ಕದ ಹಾದಿಯನ್ನೂ ಮಾಡಿದರೆ ಹೆಚ್ಚಿನ ವೆಚ್ಚ ಅಲ್ಪ. ರಸ್ತೆ ಮುಗಿದು, ಅಂಚಿನ ಜಾಗ ಅನ್ಯರ ಪಾಲಾದ ಮೇಲೆ ಅದೇ ಹಾದಿಗೆ ಅನೇಕ ಪಾಲು ಹಣ ಬೇಕಾಗುತ್ತದೆ. ಪೋರ್ಟ್‌ಲೆಂಡ್ ನಗರದ ಕ್ರೀಡಾಂಗಣವೊಂದರ ಬಳಿಯ ಬೀದಿಗಳ ವಿಷಯವಾಗಿ ಮೊಕದ್ದಮೆ ನಡೆದಾಗ, 1995ರಲ್ಲಿ ಸಂಸ್ಥಾನದ ಮೇಲ್ಮನವಿ ನ್ಯಾಯಾಲಯವೂ ಈ ವಿಧಿಯನ್ನೇ ಎತ್ತಿಹಿಡಿಯಿತು: ಶೇಕಡಾ 1ನ್ನು ವ್ಯಯಮಾಡಿದ ಮಾತ್ರಕ್ಕೆ ನಗರದ ಹೊಣೆ ತೀರದು.

ಈ ವ್ಯವಸ್ಥೆಗೆ ಒಂದು ಮಿತಿಯೂ ಇದೆ. 1980ರಲ್ಲಿ ಮತದಾರರು ಒಪ್ಪಿದ ಸಂವಿಧಾನದ ತಿದ್ದುಪಡಿಯಂತೆ ಹೆದ್ದಾರಿ ನಿಧಿಯನ್ನು ರಸ್ತೆಯ ಪರಿಧಿಯಾಚೆ ಬಳಸುವಂತಿಲ್ಲ. ಉದ್ಯಾನಗಳಲ್ಲಿ, ನದಿಯ ದಡಗಳಲ್ಲಿ ಸಾಗುವ ಹಾದಿಗಳಿಗೆ ಬೇರೆ ಹಣ ಹುಡುಕಬೇಕಾಯಿತು. 2017ರ ಶಾಸನವೊಂದು 200 ಡಾಲರ್ ಅಥವಾ ಹೆಚ್ಚು ಬೆಲೆಯ ಹೊಸ ಬೈಸಿಕಲ್ಲಿಗೆ 15 ಡಾಲರ್ ತೆರಿಗೆ ವಿಧಿಸಿ, ಆ ಹಣವನ್ನು ಇಂಥ ಹಾದಿಗಳಿಗೆ ಮೀಸಲಿಟ್ಟಿತು. ತೆರಿಗೆ ಕೊಡದವನೆಂಬ ಹಳೆಯ ಆಕ್ಷೇಪಕ್ಕೆ ಇದೂ ಒಂದು ಸಮಾಧಾನವೆಂದು ಕೆಲವರು ಭಾವಿಸಿದರು. ಬೈಸಿಕಲ್ಲನ್ನು ಪ್ರೋತ್ಸಾಹಿಸಬೇಕಾದಲ್ಲಿ ಅದರ ಬೆಲೆಯನ್ನೇ ಏರಿಸುವುದು ಸರಿಯೇ ಎಂದು ಮತ್ತೆ ಕೆಲವರು ಕೇಳಿದರು.

ಮುಂದೆ ಎಂಜಿನಿಯರುಗಳೂ ನಗರಸಭೆಯ ಸದಸ್ಯರೂ ಆಗಲಿರುವ ವಿದ್ಯಾರ್ಥಿಗಳು ಇದರಿಂದ ಗ್ರಹಿಸತಕ್ಕ ಅಂಶವೊಂದಿದೆ. ನಡೆಯುವವನ ಹಾದಿಗೆ ಹಣ ಉಳಿದರೆ ನೋಡೋಣವೆಂದರೆ ಹಣ ಎಂದೂ ಉಳಿಯುವುದಿಲ್ಲ. ರಸ್ತೆಯ ಅಂದಾಜು ಪತ್ರ ಬರೆಯುವ ದಿನವೇ ಆ ಹಾದಿಯೂ ಅದರಲ್ಲಿ ಸೇರಿರಬೇಕು.